ಬೇಲಿಯ ತಲೆ

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ದಾರ ಕಟ್ಟದೆ ಒಂದು ಎಲೆಯನ್ನೂ ಕತ್ತರಿಸದವನು ಎಂದು ಎಲ್ಲರೂ ಅವನನ್ನು ದಾರದಯ್ಯ ಎನ್ನುತ್ತಿದ್ದರು. ಬೇಲಿ ಸವರುವ ದಿನ ಬಂತೆಂದರೆ ಎರಡು ಕಡೆ ಗೂಟ ಹೊಡೆದು, ನಡುವೆ ದಾರ ಬಿಗಿದು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಅದರ ಉದ್ದಕ್ಕೂ ನೋಡುತ್ತಿದ್ದ. ಬಂದು ಅರ್ಧ ಬೆರಳು ಸರಿಸಿ, ಮತ್ತೆ ಹೋಗಿ ನೋಡುತ್ತಿದ್ದ. ನಿಂತು ನೋಡುವವರ ತಾಳ್ಮೆ ಕೆಡುತ್ತಿತ್ತು, ಅವನದು ಕೆಡುತ್ತಿರಲಿಲ್ಲ. ಇದ್ದಬದ್ದ ತಾಳ್ಮೆಯನ್ನೆಲ್ಲ ಗಿಡಗಳಿಗೇ ಸುರಿದು ಬಿಟ್ಟಿದ್ದನೋ ಏನೋ, ಮನುಷ್ಯರ ವಿಷಯಕ್ಕೆ ಬಂದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ತೋಟದ ಕೆಲಸ ಮುಗಿಯಿತು ಎನ್ನುವ ದಿನ ಬರುವುದೇ ಇಲ್ಲ. ಮಳೆಗೆ ಮುಂಚೆ ಮಣ್ಣು ಸಡಿಲಿಸಬೇಕು, ಮಳೆಯಲ್ಲಿ ಕಳೆ ಕೀಳಬೇಕು, ಮಳೆ ಬಿಟ್ಟ ಮೇಲೆ ಎಗ್ಗಿಲ್ಲದೆ ಬೆಳೆದದ್ದನ್ನೆಲ್ಲ ಸವರಬೇಕು, ಚಳಿಗೆ ಹೂವಿನ ಪಾತಿ ಮಾಡಬೇಕು, ಬಿಸಿಲಿಗೆ ನೀರು ಹೊರಬೇಕು. ಉಸ್ಸಪ್ಪಾ ಎಂದು ಕೂರುವಷ್ಟರಲ್ಲಿ ಮಳೆ ಮತ್ತೆ ಬಾಗಿಲಿಗೆ ಬಂದು ನಿಂತಿರುತ್ತದೆ. ಹೂವು ನೋಡಿ ಹಿಗ್ಗುವವರು ಮನೆಯವರು. ದಾರದಯ್ಯನ ಲೆಕ್ಕದಲ್ಲಿ ಹೂವೆಂದರೆ ನಾಳೆ ಗುಡಿಸಬೇಕಾದ ಕಸ. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ಅವನ ಮೈ ಹಣ್ಣಾಗಿ ಹೋಗಿತ್ತು. ಮಂಡಿ ಮೊದಲು ಸೋತಿತು, ಅದಕ್ಕೆ ಗೋಣಿಚೀಲ ಮಡಚಿ ಹಾಕಿಕೊಂಡ. ಸೊಂಟ ಆಮೇಲೆ ಸೋತಿತು, ಅದಕ್ಕೆ ಬಟ್ಟೆ ಬಿಗಿದುಕೊಂಡ. ಈ ಸಲ ಬಲಗೈ ಹೆಗಲು ಹಿಡಿದುಕೊಂಡಿತ್ತು. ಹೆಗಲಿಗೆ ಏನು ಮಾಡಬೇಕೆಂದು ಅವನಿಗೆ ಹೊಳೆಯಲಿಲ್ಲ.

ಮೊದಲು ಕಂಡುಹಿಡಿದವಳು ಹೆಂಡತಿ. ಒಂದು ಸಂಜೆ ಹೊಲಿಗೆ ಮಿಷನ್ನಿನ ಮುಂದೆ ಕೂತು ದಾರ ಪೋಣಿಸುತ್ತಿದ್ದವಳು ಗೋಡೆಯ ಕಡೆ ನೋಡಿದಳು. ಅವನು ಅಂಗಿ ನೇತುಹಾಕುತ್ತಿದ್ದ ಮೊಳೆ ಇದ್ದ ಜಾಗದಲ್ಲಿ ಬರೀ ತೂತು ಇತ್ತು. ಮೊಳೆ ಒಂದು ಮೊಳ ಕೆಳಗೆ ಬಂದಿತ್ತು.

"ಏನ್ರೀ, ಮೊಳೆ ಯಾಕೆ ಕೆಳಗಿಳಿದಿದೆ?"

"ಅಲ್ಲಿ ಗೋಡೆ ಸಡಿಲ ಆಗಿತ್ತು."

"ಗೋಡೆ ಸಡಿಲ ಆಯ್ತೋ, ಹೆಗಲು ಸಡಿಲ ಆಯ್ತೋ?"

ಅವನು ಚಹಾ ಎಡಗೈಯಲ್ಲಿ ಹಿಡಿದು ಹೊಸ್ತಿಲ ಮೇಲೆ ಹೋಗಿ ಕೂತ. ಅವಳೂ ಮಾತು ಬೆಳೆಸಲಿಲ್ಲ. ಬೆಳೆಸಿದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಕೆಲಸ ಮಾಡುವ ಡಾಕ್ಟರಮ್ಮನ ಮನೆಯ ಬೇಲಿಗೆ, ಅಲ್ಲಿಂದ ಬೇಲಿಯಾಚೆ ಕೆಲಸಕ್ಕಿರುವ ಹೆಂಡತಿಯ ತಮ್ಮನಿಗೆ.

ಡಾಕ್ಟರಮ್ಮ ಹಲ್ಲಿನ ಡಾಕ್ಟರು. ಕೆಲಸದಿಂದ ನಿವೃತ್ತಿಯಾಗಿದ್ದರೂ ಕಣ್ಣಿಗೆ ನಿವೃತ್ತಿ ಕೊಟ್ಟಿರಲಿಲ್ಲ. ಎದುರಿಗೆ ಯಾರು ನಕ್ಕರೂ ಮೊದಲು ಹಲ್ಲಿನ ಸಾಲು ನೋಡುತ್ತಿದ್ದರು, ಬೇಲಿಯನ್ನೂ ಹಾಗೇ ನೋಡುತ್ತಿದ್ದರು. ಒಂದು ಕಡೆ ಸ್ವಲ್ಪ ಉಬ್ಬಿದ್ದರೆ ಸಾಕು, ಅವರಿಗೆ ಊಟ ಸೇರುತ್ತಿರಲಿಲ್ಲ. ಅವರ ಕಾಂಪೌಂಡಿಗೂ ಪಕ್ಕದ ಮನೆಗೂ ನಡುವೆ ಗೋಡೆ ಇರಲಿಲ್ಲ. ಇದ್ದದ್ದು ದಾರದಯ್ಯನೇ ನೆಟ್ಟು ಬೆಳೆಸಿದ ಹಸಿರು ಬೇಲಿ, ಆಳೆತ್ತರದ್ದು, ಮೇಲೆ ಒಬ್ಬರು ಉದ್ದಕ್ಕೆ ಮಲಗಬಹುದಾದಷ್ಟು ಅಗಲದ್ದು. ಗೇಟಿನಿಂದ ಹಿತ್ತಿಲ ತನಕ ಅದರ ತಲೆ ಮೇಜಿನ ಹಾಗೆ ಸಮವಾಗಿರುತ್ತಿತ್ತು. ದಾರಿಹೋಕರು ನಿಂತು ನೋಡುತ್ತಿದ್ದರು. ಅವರು ನೋಡುವಾಗ ದಾರದಯ್ಯ ಬೇಕೆಂದೇ ಬೇರೆ ಕಡೆ ಮುಖ ಮಾಡಿ ಕಳೆ ಕೀಳುತ್ತಿದ್ದ. ಕಿವಿ ಮಾತ್ರ ಬೇಲಿಯ ಕಡೆಗೇ ಇರುತ್ತಿತ್ತು.

ಬೇಲಿಯಾಚೆ ಇದ್ದದ್ದು ಕಲ್ಲಿನ ಮನೆ. ಮನೆಯೇನೂ ಕಲ್ಲಿನದಲ್ಲ, ಅಂಗಳ ಕಲ್ಲಿನದು. ಆ ಮನೆ ಕೊಂಡ ಸಾಹೇಬರಿಗೆ ಮಣ್ಣು ಕಂಡರೆ ಆಗುತ್ತಿರಲಿಲ್ಲ. ಇದ್ದ ಗಿಡಗಳನ್ನೆಲ್ಲ ಕಿತ್ತು ನುಣುಪಾದ ಬಿಳಿ ಬೆಣಚುಕಲ್ಲು ಹಾಸಬೇಕೆಂದು ಅವರು ಮೊದಲು ಕೇಳಿದ್ದು ದಾರದಯ್ಯನನ್ನೇ. ಆಗ ಆ ಅಂಗಳವನ್ನೂ ಅವನೇ ನೋಡಿಕೊಳ್ಳುತ್ತಿದ್ದ. "ಬೆಳೆಸಿದ ಕೈಯಲ್ಲಿ ಕೀಳೋದು ನನ್ನಿಂದಾಗಲ್ಲ" ಎಂದು ಗುದ್ದಲಿ ಹೆಗಲಿಗೇರಿಸಿಕೊಂಡು ಬಂದುಬಿಟ್ಟ. ಒಪ್ಪಿಕೊಂಡವನು ಅವನ ಭಾಮೈದ.

ಈ ಭಾಮೈದ, ಹೆಂಡತಿಯ ತಮ್ಮ, ಅಚ್ಚುಕೂಟದಲ್ಲಿದ್ದ ಕೆಲಸ ಹೋಗಿ, ಏನೂ ತೋಚದೆ ಅಕ್ಕನ ಮನೆಗೆ ಬಂದವನು. ಹಾರೆ ಯಾವುದು ಸಲಿಕೆ ಯಾವುದು ಗೊತ್ತಿರಲಿಲ್ಲ. ಕೆಲಸ ಕಲಿಸಿದವನು ದಾರದಯ್ಯ. ಅವನ ಪಾಠ ಮೂರೇ ಮಾತಿನದು: ಮೊದಲು ದಾರ ಕಟ್ಟು, ಆಮೇಲೆ ಬಟ್ಟೆ ಹಾಸು, ಆಮೇಲೆ ಕತ್ತರಿ ಹಿಡಿ. ಕೆಳಗೆ ಬಟ್ಟೆ ಹಾಸದೆ ಸವರಿದರೆ ಒಂದು ಗಂಟೆಯ ಕೆಲಸಕ್ಕೆ ಅರ್ಧ ದಿನ ಕಸ ಹೆಕ್ಕಬೇಕಾಗುತ್ತದೆ. ಭಾಮೈದ ಒಮ್ಮೆ ಮರೆತ, ಬೈಗುಳ ತಿಂದ, ಮತ್ತೆಂದೂ ಮರೆಯಲಿಲ್ಲ. ಅಕ್ಕ ಹಳೆಯ ಹೂವಿನ ಪರದೆಯೊಂದನ್ನು ಎರಡಾಗಿ ಹರಿದು, ಅಂಚು ಹೊಲಿದು, ಗಂಡನಿಗೊಂದು ತಮ್ಮನಿಗೊಂದು ಕೊಟ್ಟಿದ್ದಳು.

ಕಲ್ಲು ಹಾಸಿದ ದಿನ ದಾರದಯ್ಯ ಬೀದಿಯ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಇವನು ತೋಟದವನಲ್ಲ, ಕಲ್ಲು ತೊಳೆಯೋನು" ಎಂದುಬಿಟ್ಟ. ಆಡಿದ ಮೇಲೆ ನಾಲಗೆ ಕಚ್ಚಿಕೊಂಡನೋ ಇಲ್ಲವೋ ಗೊತ್ತಿಲ್ಲ, ವಾಪಸು ತೆಗೆದುಕೊಳ್ಳಲಂತೂ ಇಲ್ಲ. ಅವತ್ತಿಗೆ ಮಾತು ನಿಂತಿತು. ಭಾಮೈದ ಬೇರೆ ಮನೆ ಮಾಡಿದ. ಅಕ್ಕ ಇಬ್ಬರ ನಡುವೆ ಓಡಾಡಿ, ಇಬ್ಬರನ್ನೂ ಬೈದು, ಕೊನೆಗೆ ಬೈಯುವುದನ್ನೂ ಬಿಟ್ಟಳು.

ಮಾತು ನಿಂತರೂ ಬೇಲಿ ಒಂದೇ ಅಲ್ಲವೇ? ಈಚೆ ಮೈ ದಾರದಯ್ಯನದು, ಆಚೆ ಮೈ ಭಾಮೈದನದು. ತಲೆ ಮಾತ್ರ ದಾರದಯ್ಯನದೇ, ಏಕೆಂದರೆ ನೆಟ್ಟವನು ಅವನು, ಹಿರಿಯನೂ ಅವನೇ. ಇದನ್ನು ಯಾರೂ ಕೂತು ಮಾತಾಡಿ ತೀರ್ಮಾನಿಸಿರಲಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು. ತಲೆ ಸವರುವಾಗ ದಾರದಯ್ಯ ಕತ್ತರಿಯನ್ನು ಚೂರು ಆಚೆಗೆ ತಳ್ಳುತ್ತಿದ್ದ. ಕಸ ಬಿಳಿ ಕಲ್ಲಿನ ಮೇಲೆ ಬೀಳಲಿ ಎಂದೇ. ಕಲ್ಲಿನ ಮೇಲೆ ಬಿದ್ದ ಕಸವನ್ನು ಎಲೆ ಬಾಚುವ ಹಲ್ಲಿನ ಕೋಲಿನಿಂದ ಎಳೆಯುವ ಹಾಗಿಲ್ಲ, ಎಳೆದರೆ ಕಲ್ಲೂ ಬರುತ್ತದೆ, ಅಡಿಯ ಮಣ್ಣೂ ಏಳುತ್ತದೆ. ಬಿಡುವ ಹಾಗೂ ಇಲ್ಲ, ಎಲೆ ಕೊಳೆತು ಕಲ್ಲಿಗೆ ಕಲೆ ಕೂರುತ್ತದೆ. ಒಂದೊಂದಾಗಿ ಹೆಕ್ಕಬೇಕು. ಹೆಕ್ಕಲಿ, ಕಲ್ಲು ಬೇಕಿತ್ತಲ್ಲ, ಎನ್ನುವುದು ದಾರದಯ್ಯನ ಸಿಟ್ಟು. ಆದರೆ ಭಾಮೈದ ಅವನ ಕೈಯಲ್ಲೇ ಕಲಿತವನು. ಈಚೆ ಗೂಟ ಹೊಡೆಯುವ ಸದ್ದು ಕೇಳಿದರೆ ಸಾಕು, ಆಚೆ ಹೂವಿನ ಬಟ್ಟೆ ಹಾಸಿಯಾಗಿರುತ್ತಿತ್ತು. ಒಂದು ವರ್ಷವೂ ತಪ್ಪಿರಲಿಲ್ಲ.

ಈ ಸಲ ಮಳೆ ಬಿಟ್ಟದ್ದೇ ತಡವಾಯಿತು. ಬೇಲಿ ಕೂದಲು ಕೆದರಿದ ಹುಚ್ಚನ ಹಾಗೆ ಎದ್ದು ನಿಂತಿತ್ತು. ಡಾಕ್ಟರಮ್ಮ ಒಂದು ಬೆಳಿಗ್ಗೆ ಜಗುಲಿಯ ಮೇಲೆ ನಿಂತು, ಬಹಳ ಒಳ್ಳೆಯ ಮನಸ್ಸಿನಿಂದಲೇ, ಹೇಳಿದರು:

"ನಿಮಗೆ ಕಷ್ಟ ಆಗೋದಾದ್ರೆ ಹೇಳಿ. ಮಿಷನ್ನಿನವರು ಬರ್ತಾರಂತೆ. ಬರ್ರ್ ಅಂತ ಒಂದೇ ಸಲಕ್ಕೆ ಹೊಡೆದು ಹೋಗ್ತಾರಂತೆ."

"ಕಷ್ಟ ಎಂಥದ್ದಮ್ಮಾ. ಈ ವಾರ ಮುಗಿಸಿಬಿಡ್ತೀನಿ."

ಅವನಿಗೆ ಗೊತ್ತಿತ್ತು, ಮಿಷನ್ನಿನವರು ಬೇಲಿಗೆ ಬಂದರೆ ಬೇಲಿಗೇ ನಿಲ್ಲುವುದಿಲ್ಲ. ಹುಲ್ಲಿಗೂ ಬರುತ್ತಾರೆ, ಆಮೇಲೆ ಮರಕ್ಕೂ. ಕೊನೆಗೆ ಅವನಿಗೆ ಉಳಿಯುವುದು ಕುಂಡಗಳಿಗೆ ನೀರು ಹಾಕುವ ಕೆಲಸ. ಅದನ್ನು ಮನೆಯವರೇ ಮಾಡಿಕೊಳ್ಳಬಹುದು. ಹೋಗಲಿ, ಕೆಲಸ ಹೋದರೆ ಹೋಯಿತು, ಮೈಗೂ ವಿಶ್ರಾಂತಿ ಬೇಕಾಗಿತ್ತು. ಆದರೆ ದಾರದಯ್ಯನ ಕೈಯಲ್ಲಿ ಆಗಲಿಲ್ಲವಂತೆ ಎಂಬ ಮಾತು ಬೇಲಿ ದಾಟಿ ಆಚೆ ಹೋಗುವುದಿದೆಯಲ್ಲ, ಅದನ್ನು ಅವನಿಂದ ಸಹಿಸಲಾಗುತ್ತಿರಲಿಲ್ಲ. ಈ ಒಂದು ಸಲ ಬೇಲಿಯ ತಲೆ ತನ್ನ ಕೈಯಿಂದಲೇ ಆಗಬೇಕು, ಮುಂದಿನದನ್ನು ಮುಂದೆ ನೋಡಿಕೊಳ್ಳೋಣ ಎಂದುಕೊಂಡ.

ಸಾಣೆಕಲ್ಲಿಗೆ ನೀರು ಹಾಕಿ ಕತ್ತರಿ ಮಸೆದ. ಗೂಟ ಹೊಡೆದ, ದಾರ ಬಿಗಿದ, ಬಟ್ಟೆ ಹಾಸಿದ. ಬೇಲಿಯ ಮೈ ಎದೆಮಟ್ಟದ ತನಕ ಸಲೀಸಾಗಿ ಬಂತು. ಅದರ ಮೇಲಿನದಕ್ಕೆ ಏಣಿಯ ಮೆಟ್ಟಿಲು ಹತ್ತಿ, ಮೊಣಕೈ ಪಕ್ಕೆಗೆ ಒತ್ತಿಕೊಂಡು, ಚೂರು ಚೂರಾಗಿ ಸವರಿದ. ಅದೂ ಆಯಿತು. ಉಳಿದದ್ದು ತಲೆ. ಏಣಿಯ ಮೇಲೆ ನಿಂತು ಎರಡೂ ಕೈ ನೇರ ಮುಂದಕ್ಕೆ ಚಾಚಿ, ಆ ಭಾರದ ಕತ್ತರಿಯನ್ನು ದಾರದ ಮಟ್ಟಕ್ಕೆ ಹಿಡಿದು, ಬೇಲಿಯ ಅಗಲಕ್ಕೂ ಆಡಿಸಬೇಕು. ಕೈ ಚಾಚಿದ. ಹೆಗಲೊಳಗೆ ಯಾರೋ ಕಾದ ಕಬ್ಬಿಣ ತಿವಿದ ಹಾಗಾಯಿತು. ಕತ್ತರಿ ಬೇಲಿಯ ಮೇಲೆ ಬಿತ್ತು.

ಇನ್ನೂ ಎರಡು ಮೆಟ್ಟಿಲು ಹತ್ತಿ ಮೇಲಿನಿಂದ ಬಗ್ಗಿ ಸವರೋಣ ಎಂದು ನೋಡಿದ. ಹಿಡಿದುಕೊಳ್ಳಲು ಏನೂ ಇಲ್ಲ, ಏಣಿ ತೂಗಾಡಿತು, ಹೆಂಡತಿ ಕಣ್ಣ ಮುಂದೆ ಬಂದು ಹೋದಳು. ಮೆಲ್ಲಗೆ ಇಳಿದು ಬಂದು ಏಣಿಯ ಬುಡದಲ್ಲಿ ಕೂತ. ದಣಿವು ಅಂದರೆ ಅಂಥಿಂಥ ದಣಿವಲ್ಲ. ಒಂದು ದಿನ ಮಲಗಿದರೆ ಹೋಗುವಂಥದ್ದಲ್ಲ ಅದು, ಇಷ್ಟು ವರ್ಷದ್ದೆಲ್ಲ ಒಟ್ಟಿಗೆ ಬಂದು ಹೆಗಲ ಮೇಲೆ ಕೂತಿತ್ತು. ಕಣ್ಣಲ್ಲಿ ನೀರು ಬಂತು. ಯಾರಾದರೂ ನೋಡಿದರೆ ಇರಲಿ ಎಂದು ಮಸೆದ ಕತ್ತರಿಯನ್ನೇ ಮತ್ತೆ ಮಸೆಯುತ್ತಾ ಕೂತ.

ಬೇಲಿಯಾಚೆ ಕಲ್ಲಿನ ಮೇಲೆ ಹೆಜ್ಜೆ ಕರಕರ ಎಂದಿತು. ಬಂದು ನಿಂತಿತು. ಸ್ವಲ್ಪ ಹೊತ್ತು ಹಾಗೇ ಇದ್ದು ದೂರ ಹೋಯಿತು.

ಮರುದಿನವೂ ಅದೇ ಕಥೆ. ಪಾತಿ ಕೆದಕಿದ, ಕುಂಡ ಸರಿಸಿದ, ಬೇಡದ ಕಡೆಯೆಲ್ಲ ಗುಡಿಸಿದ. ಡಾಕ್ಟರಮ್ಮ ಕಿಟಕಿಯಿಂದ ಎರಡು ಸಲ ಬೇಲಿಯ ಕಡೆ ನೋಡಿದರು. "ನಾಳೆ ತಲೆ ಒಂದು ಆಗಿಬಿಟ್ಟರೆ ಮುಗೀತಮ್ಮಾ" ಎಂದು ಅವರು ಕೇಳುವ ಮೊದಲೇ ಹೇಳಿದ.

ಕತ್ತರಿಯನ್ನು ಅಲ್ಲೇ ಏಣಿಗೆ ಒರಗಿಸಿಟ್ಟು, ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡಿದ. "ನಿನ್ನ ತಮ್ಮನಿಗೆ ಏನಾದ್ರೂ ಹೇಳಿದ್ಯಾ? ಬೇಲಿ ಹತ್ರ ಬಂದು ಬಂದು ನಿಲ್ತಾನೆ."

"ನಾನ್ಯಾಕೆ ಹೇಳ್ಲಿ? ಅವನಿಗೆ ಕಿವಿ ಇಲ್ವಾ? ನಿಮ್ಮ ಕತ್ತರಿ ಸದ್ದು ಎಲ್ಲಿಗೆ ನಿಂತು ಹೋಯ್ತು ಅಂತ ಅವನಿಗೆ ತಿಳಿಯಲ್ವಾ? ಕಲಿಸಿದೋರು ನೀವೇ ತಾನೇ?" ಎಂದು ಅವಳು ಎಣ್ಣೆ ತಂದು ಹೆಗಲಿಗೆ ತಿಕ್ಕಿದಳು. ಕೋಪದಲ್ಲಿದ್ದಳು, ಅದಕ್ಕೇ ಚೆನ್ನಾಗಿ ತಿಕ್ಕಿದಳು. ಅವನು ಹಲ್ಲು ಕಚ್ಚಿಕೊಂಡು ಗೋಡೆಯ ಮೇಲಿನ ಹಳೇ ತೂತನ್ನೇ ನೋಡುತ್ತಾ ಕೂತಿದ್ದ.

ಮರುದಿನ ಕಾಲು ಎಳೆದುಕೊಂಡು ಡಾಕ್ಟರಮ್ಮನ ಗೇಟು ತೆಗೆದವನು ಅಲ್ಲೇ ನಿಂತ. ಬೇಲಿಯ ತಲೆ ಸವರಿಯಾಗಿತ್ತು.

ಹಸಿ ಎಲೆಯ ವಾಸನೆ ಇನ್ನೂ ಗಾಳಿಯಲ್ಲಿತ್ತು. ಬೆಳಕು ಹರಿಯುತ್ತಿದ್ದ ಹಾಗೆ ಶುರುಮಾಡಿರಬೇಕು. ಗೇಟಿನಿಂದ ಹಿತ್ತಿಲ ತನಕ ದಾರಕ್ಕೆ ಸರಿಯಾಗಿ, ಹೆಚ್ಚಿಲ್ಲ ಕಡಿಮೆಯಿಲ್ಲ. ದಾರದಯ್ಯ ಒಂದು ಕಣ್ಣು ಮುಚ್ಚಿ ನೋಡಿದ. ತಪ್ಪು ಸಿಗಲಿ ಎಂದೇ ನೋಡಿದ. ಸಿಗಲಿಲ್ಲ. ಆಗ ಮೈಯೆಲ್ಲ ಉರಿದುಹೋಯಿತು. ನನ್ನ ಬೇಲಿಯ ತಲೆಗೆ ಕೈ ಹಾಕಲು ಇವನ್ಯಾರು? ನಾನೇನು ಸತ್ತು ಹೋಗಿದ್ದೆನೇ? ಕೆಳಗೆ ನೋಡಿದ. ತನ್ನ ಕಡೆ ಒಂದು ಎಲೆಯೂ ಬಿದ್ದಿರಲಿಲ್ಲ. ಅದು ಇನ್ನೂ ಉರಿಯಿತು. ಬಾಯಿಗೆ ಬಂದದ್ದು ಬೈಯಬೇಕೆಂದು ಏಣಿ ಹತ್ತಿ ಬೇಲಿಯಾಚೆ ಇಣುಕಿದ.

ಬಿಳಿ ಕಲ್ಲು ಕಾಣುತ್ತಲೇ ಇರಲಿಲ್ಲ. ಬೇಲಿಯ ಉದ್ದಕ್ಕೂ ಹಸಿರು ಕಸ. ಇಡೀ ಬೇಲಿಯ ತಲೆಯನ್ನು ಆಚೆಗೇ ಎಳೆದು ಹಾಕಿತ್ತು. ಭಾಮೈದ ಅದರ ನಡುವೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಲೆ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದ. ಅವನ ತಲೆಯೂ ಬೆಳ್ಳಗಾಗಿತ್ತು. ಇಷ್ಟು ವರ್ಷ ಬೇಲಿಯ ಎರಡು ಕಡೆ ಕೆಲಸ ಮಾಡಿದರೂ ದಾರದಯ್ಯ ಅದನ್ನು ನೋಡಿರಲಿಲ್ಲ.

ಬೈಗುಳ ಎಲ್ಲಿಗೋ ಹೋಯಿತು. ಬಾಯಿಂದ ಬಂದದ್ದು ಹಳೇ ಪಾಠ.

"ಬಟ್ಟೆ ಹಾಸ್ಲಿಲ್ವೇನೋ?"

ಭಾಮೈದ ತಲೆ ಎತ್ತಿದ. "ಮರೆತುಬಿಟ್ಟೆ ಭಾವ."

"ಮರೆತ್ಯಾ?"

"ಹೂಂ. ಸಂಜೆ ಸಾಹೇಬರು ಬರ್ತಾರೆ. ಒಬ್ಬನ ಕೈಲಿ ಆಗೋ ಹಾಗೆ ಕಾಣಲ್ಲ."

ದಾರದಯ್ಯ ಅವನನ್ನೇ ನೋಡಿದ. ಕಲ್ಲಿನ ಮನೆಯ ಮೆಟ್ಟಿಲ ಮೇಲೆ ಹೂವಿನ ಬಟ್ಟೆ ಇತ್ತು. ಒಗೆದು, ನಾಲ್ಕು ಮಡಿಕೆ ಮಾಡಿ, ಕಣ್ಣಿಗೆ ಕಾಣುವ ಹಾಗೆ ಇಟ್ಟಿತ್ತು. ಮರೆತದ್ದಂತೆ! ಒಂದು ವರ್ಷವೂ ಮರೆಯದವನು, ಗೂಟದ ಸದ್ದಿಗೇ ಬಟ್ಟೆ ಹಾಸುವವನು, ತಾನೇ ಕತ್ತರಿ ಹಿಡಿದ ದಿನ ಮರೆತನಂತೆ. ನೆಲದಲ್ಲಿ ಕೂತು ಹೆಕ್ಕುವ ಕೆಲಸ ಇದು, ಹೆಗಲು ಎತ್ತಬೇಕಾಗಿಲ್ಲ. ದಾರದಯ್ಯನಿಗೆ ಎಲ್ಲ ಅರ್ಥವಾಯಿತು. ಅರ್ಥವಾದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಗೆ ಮತ್ತೆ ಕೋಪ ಬಂತು. ಆದರೆ ಕೋಪ ಮಾಡಲಿಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದ.

ಕೆಳಗೆ ಡಾಕ್ಟರಮ್ಮ ನಿಂತಿದ್ದರು. ಚಹಾದ ಲೋಟ ಹಿಡಿದು, ತಲೆ ಒಂದು ಕಡೆ ವಾಲಿಸಿ, ಬೇಲಿಯ ಸಾಲು ನೋಡುತ್ತಿದ್ದರು.

"ಅಬ್ಬಾ, ಈ ಸಲ ಬಹಳ ಚೆನ್ನಾಗಿ ಬಂದಿದೆ. ಹೋದ ಸಲಕ್ಕಿಂತ ಚೆನ್ನಾಗಿದೆ. ಮಿಷನ್ನು ಗಿಷನ್ನು ಏನೂ ಬೇಡ, ನೀವೇ ಮಾಡಿ."

ಹೋದ ಸಲಕ್ಕಿಂತ! ಆ ಮಾತು ಚುರುಕ್ಕೆಂದಿತು. ಆದರೂ ಸುಮ್ಮನೆ ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೇಲಿ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಭಾಮೈದ ಸತ್ತರೂ ಬಾಯಿ ಬಿಡುತ್ತಿರಲಿಲ್ಲ. ಬೇಲಿಯಾಚೆ ಎಲೆ ಹೆಕ್ಕುವ ಸದ್ದು ನಿಂತುಹೋಗಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದಾನೆ ಎಂದು ದಾರದಯ್ಯನಿಗೆ ಗೊತ್ತಾಯಿತು.

"ತಲೆ ನಾನು ಸವರಿದ್ದಲ್ಲಮ್ಮಾ" ಎಂದ. "ನನ್ನ ಹೆಗಲು ಮೇಲೇಳಲ್ಲ. ಸವರಿದ್ದು ಆಚೆ ಮನೆ ಕೆಲಸದವನು, ನನ್ನ ಭಾಮೈದ."

ಡಾಕ್ಟರಮ್ಮ ಒಮ್ಮೆ ಅವನನ್ನು, ಒಮ್ಮೆ ಬೇಲಿಯನ್ನು ನೋಡಿದರು. "ಆ ಮನೆ ಕೆಲಸದವರು ನಿಮ್ಮ ಭಾಮೈದನಾ? ಇಷ್ಟು ವರ್ಷದಲ್ಲಿ ಒಂದು ಸಲವೂ ಹೇಳಲೇ ಇಲ್ವಲ್ಲ!"

"ಹೇಳಿರ್ಲಿಲ್ಲ."

"ಮುಂದಿನ ಸಲ?"

"ಅವನನ್ನೇ ಕೇಳಬೇಕು ಅಮ್ಮಾ" ಎಂದು ಹೇಳಿ, ಮಂಡಿಗೆ ಹಾಕಿಕೊಳ್ಳುವ ಗೋಣಿಚೀಲ ಎತ್ತಿಕೊಂಡ.

ಗೇಟು ದಾಟಿ, ಬೀದಿಯಲ್ಲಿ ಬೇಲಿಯ ತುದಿ ಬಳಸಿ, ಕಲ್ಲಿನ ಮನೆಯ ಗೇಟು ತೆಗೆದ. ಕಾಲ ಕೆಳಗೆ ಕಲ್ಲು ಕರಕರ ಎಂದಿತು. ಅವನು ಆ ಕಲ್ಲನ್ನು ಮೆಟ್ಟಿದ್ದು ಅದೇ ಮೊದಲು. ಭಾಮೈದ ಎದ್ದು ನಿಲ್ಲಲು ಹೋದ. "ಕೂತ್ಕೋ, ಕೂತ್ಕೋ" ಎಂದು ದಾರದಯ್ಯ ಗೋಣಿಚೀಲ ಹಾಸಿ ಅವನ ಎದುರಿಗೆ ಕೂತ. ಕೂರುವಾಗ ಮಂಡಿ, ಸೊಂಟ ಎರಡೂ ಸದ್ದು ಮಾಡಿದವು.

ಸ್ವಲ್ಪ ಹೊತ್ತು ಇಬ್ಬರೂ ಹೆಕ್ಕಿದರು. ಕಲ್ಲು ತಣ್ಣಗಿತ್ತು, ನುಣ್ಣಗಿತ್ತು. ಒಂದರಲ್ಲೂ ಕಲೆ ಇರಲಿಲ್ಲ. ಪ್ರತಿ ವರ್ಷ ಇವನು ಇವನ್ನೆಲ್ಲ ಬಾಂಡ್ಲಿಯಲ್ಲಿ ತುಂಬಿ, ತೊಳೆದು, ಮತ್ತೆ ಹಾಸುತ್ತಾನೆ ಎಂದು ಹೆಂಡತಿ ಹೇಳಿದಾಗೆಲ್ಲ ದಾರದಯ್ಯ ಕಿವಿ ಮುಚ್ಚಿಕೊಂಡಿದ್ದ. ಇದೂ ಮೈ ಮುರಿಯುವ ಕೆಲಸವೇ ಎಂದು ಈಗ ಕೈಗೆ ತಿಳಿಯಿತು. ಒಂದು ಕಲ್ಲನ್ನು ಎತ್ತಿ, ಅಂಟಿದ್ದ ಎಲೆ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ ಇದ್ದ ಜಾಗದಲ್ಲೇ ಇಟ್ಟ.

"ಇನ್ನು ಮೇಲೆ ನಾನೂ ಕಲ್ಲು ತೊಳೆಯೋನೇ ಬಿಡು" ಎಂದ. ತಲೆ ಎತ್ತಲಿಲ್ಲ.

ಭಾಮೈದನೂ ತಲೆ ಎತ್ತಲಿಲ್ಲ. ಅವನ ಕೈ ಮಾತ್ರ ಒಂದು ಗಳಿಗೆ ಎಲೆಗಳ ಮೇಲೆ ಹಾಗೇ ನಿಂತಿತು.

"ಕತ್ತರಿ ಬಹಳ ಭಾರ ಭಾವ, ನಿಮ್ಮದು" ಎಂದ ಕೊನೆಗೆ. "ಅಷ್ಟು ವರ್ಷ ಹೇಗೆ ಹಿಡಿದ್ರೋ ಏನೋ."

ದಾರದಯ್ಯ ಮತ್ತೊಂದು ಹಿಡಿ ಎಲೆ ಹೆಕ್ಕಿದ. ಬುಟ್ಟಿ ದೂರ ಇತ್ತು. ಭಾಮೈದ ಅದನ್ನು ಎಳೆದು ಭಾವನ ಮಂಡಿಯ ಪಕ್ಕಕ್ಕೆ, ಕೈ ಎತ್ತದೆ ಸಿಗುವ ಹಾಗೆ ಇಟ್ಟು, ತನ್ನ ಕಡೆಯ ಎಲೆಗಳನ್ನು ಮಡಿಲಲ್ಲಿ ತುಂಬಿಕೊಳ್ಳತೊಡಗಿದ.